ಸೇತುವೆ ತಗ್ಗು, ದೋಣಿ ಎತ್ತರ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಮಾನ್ಯರೇ, ನೀಲೇಶ್ವರದ ಸಮೀಪದ ಕಡವೊಂದರಲ್ಲಿ ನಮ್ಮದೊಂದು 24 ಅಡಿ ಉದ್ದದ ಫೈಬರ್ ದೋಣಿ ಇದೆ. ಔಟ್‌ಬೋರ್ಡ್ ಎಂಜಿನ್ ಕೂಡಿಸಿದ್ದೇವೆ. ಬಿಸಿಲು, ಮಳೆಗೆ ಅನುಕೂಲವಾಗಲೆಂದು ಆರು ಜಿ.ಐ. ಪೈಪುಗಳನ್ನು ನಿಲ್ಲಿಸಿ ಫೈಬರ್ ಚಾವಣಿ ಹಾಕಿಸಿದ್ದೇವೆ. ಅದರ ಮೇಲೆ ದೀಪದ ಕಂಬವೂ ಸರ್ಚ್‌ಲೈಟೂ ಇವೆ. ವಲಿಯಪರಂಬದ ಹಿನ್ನೀರಿನಲ್ಲಿ ಓಡಾಡಲು ಯಾವ ತೊಂದರೆಯೂ ಇಲ್ಲ. ಆದರೆ ನಮ್ಮ ತೆಂಗಿನ ತೋಟಕ್ಕೆ ಹೋಗುವ ಒಳಗಾಲುವೆಯಲ್ಲಿ ಎರಡು ಹಳೆಯ ಕಿರುಸೇತುವೆಗಳಿದ್ದು, ಭರತದ ಹೊತ್ತಿನಲ್ಲಿ ಚಾವಣಿ ಅವುಗಳ ತೊಲೆಗೆ ತಾಗುತ್ತದೆ. ಪೈಪುಗಳನ್ನು ಕತ್ತರಿಸಿ ಚಾವಣಿಯನ್ನು ತಗ್ಗಿಸೋಣ ಎಂದು ವೆಲ್ಡಿಂಗ್‌ನವರು ಹೇಳುತ್ತಾರೆ. ಮರಳಿನ ಚೀಲಗಳನ್ನು ಹೇರಿ ದೋಣಿಯನ್ನೇ ಸ್ವಲ್ಪ ಇಳಿಸಿದರೆ ಸಾಕು ಎಂದು ದೋಣಿ ನಡೆಸುವವರು ಹೇಳುತ್ತಾರೆ. ಯಾವುದು ಸರಿ? — ಹೊಸದುರ್ಗದ ಓದುಗರು

ಉತ್ತರ: ದಯವಿಟ್ಟು ಎರಡನ್ನೂ ಮಾಡಬೇಡಿ. ಪೈಪನ್ನು ಕತ್ತರಿಸಿದರೆ ಎರಡು ಸೇತುವೆಗಳ ಸಲುವಾಗಿ ವರ್ಷವಿಡೀ ಎಲ್ಲರೂ ತಲೆ ತಗ್ಗಿಸಿಕೊಂಡೇ ಕುಳಿತಿರಬೇಕಾಗುತ್ತದೆ, ಚುಕ್ಕಾಣಿ ಹಿಡಿದವರಿಗೆ ಮುಂದಿನ ದಾರಿಯೂ ಸರಿಯಾಗಿ ಕಾಣಿಸದು. ಮರಳು ಹೇರುವುದು ಅದಕ್ಕಿಂತ ಕೆಟ್ಟದ್ದು. ಅದೇಕೆಂಬುದನ್ನು ಮುಂದೆ ಲೆಕ್ಕ ಸಮೇತ ಹೇಳುತ್ತೇನೆ. ನಿಮ್ಮ ದೋಣಿಗೆ ಬೇಕಾಗಿರುವುದು ಬೇಕೆಂದಾಗ ತಗ್ಗಿ, ಸೇತುವೆ ದಾಟಿದ ಮೇಲೆ ಮತ್ತೆ ಎದ್ದು ನಿಲ್ಲುವ ಚಾವಣಿ. ಅದರ ಜೊತೆಗೆ ಭರತ–ಇಳಿತದ ಸ್ವಲ್ಪ ಲೆಕ್ಕಾಚಾರ.

ಮೊದಲು ಅಳತೆ. ನೀರಿನ ಮಟ್ಟದಿಂದ ದೋಣಿಯ ಅತಿ ಎತ್ತರದ ಭಾಗದವರೆಗಿನ ಎತ್ತರವನ್ನು ಏರ್ ಡ್ರಾಫ್ಟ್ ಎನ್ನುತ್ತಾರೆ. ಗಾಳಿಯಿಲ್ಲದ ಬೆಳಿಗ್ಗೆ, ನಿಂತ ನೀರಿನಲ್ಲಿ, ಚಾವಣಿಯ ಮೇಲೆ ನೇರವಾದ ಮರದ ಪಟ್ಟಿಯೊಂದನ್ನು ಅಡ್ಡಲಾಗಿ ಇಟ್ಟು, ಗಾರೆಯವರು ಬಳಸುವ ರಸಮಟ್ಟದಿಂದ ಅದನ್ನು ಸಮ ಮಾಡಿ, ಹೊರಗೆ ಚಾಚಿದ ತುದಿಯಿಂದ ನೀರಿನವರೆಗೆ ಟೇಪು ಇಳಿಬಿಟ್ಟರೆ ಸರಿಯಾದ ಅಳತೆ ಸಿಗುತ್ತದೆ. ಇದನ್ನು ಚಾವಣಿಯ ಮುಂದಿನ ಅಂಚಿನಲ್ಲೂ ಹಿಂದಿನ ಅಂಚಿನಲ್ಲೂ ಮಾಡಬೇಕು. ಎಂಜಿನ್ನಿನ ಭಾರಕ್ಕೆ ದೋಣಿ ಹಿಂದಕ್ಕೆ ಕುಳಿತಿರುವುದರಿಂದ ಮುಂದಿನ ಅಂಚು ಸಾಮಾನ್ಯವಾಗಿ ಹೆಚ್ಚು ಎತ್ತರದಲ್ಲಿರುತ್ತದೆ, ಸೇತುವೆಗೆ ಮೊದಲು ತಾಗುವುದೂ ಅದೇ. ಅಳೆಯುವಾಗ ದೋಣಿಯಲ್ಲಿ ಒಬ್ಬರೇ ಇರಲಿ, ಪೆಟ್ರೋಲ್ ಟ್ಯಾಂಕೂ ಬಹುಪಾಲು ಖಾಲಿಯಾಗಿರಲಿ, ಏಕೆಂದರೆ ದೋಣಿ ಹಗುರವಾದಷ್ಟೂ ಮೇಲೇಳುತ್ತದೆ. ಹೋಗುವಾಗ ಎಂಟು ಜನರೊಂದಿಗೆ ಸಲೀಸಾಗಿ ದಾಟಿದ ದೋಣಿಯು ಅವರನ್ನೆಲ್ಲ ತೋಟದಲ್ಲಿ ಇಳಿಸಿ ಬರಿದಾಗಿ ಮರಳುವಾಗ ನಾಲ್ಕೈದು ಸೆಂಟಿಮೀಟರ್ ಎತ್ತರವಾಗಿರುತ್ತದೆ. ತಗ್ಗು ಸೇತುವೆಯಡಿ ಚಾವಣಿ ಒರೆಸಿಹೋಗಲು ಅಷ್ಟು ಸಾಕು.

ಸೇತುವೆಯನ್ನು ಕೆಳಗಿನಿಂದಲೇ ಅಳೆಯಿರಿ. ಮೇಲಿನ ಕಟ್ಟೆಯಿಂದ ಅಳೆದು ಕಾಂಕ್ರೀಟಿನ ದಪ್ಪವನ್ನು ಕಳೆದರೆ, ತೊಲೆಗೆ ನೇತುಹಾಕಿದ ಕುಡಿಯುವ ನೀರಿನ ಪೈಪು, ಕೇಬಲ್ಲು, ಅವನ್ನು ಹಿಡಿದ ಕಬ್ಬಿಣದ ಕೊಕ್ಕೆ ಇವು ಯಾವುವೂ ಲೆಕ್ಕಕ್ಕೆ ಬರುವುದಿಲ್ಲ. ಸೇತುವೆ ಕಮಾನಿನದಾದರೆ ನಟ್ಟನಡುವಿನ ಎತ್ತರವನ್ನು ನಂಬಬಾರದು. ನಿಮ್ಮ ಚಾವಣಿಯ ಎರಡು ಮೂಲೆಗಳು ಬರುವ ಜಾಗದಲ್ಲಿ ಎಷ್ಟಿದೆಯೋ ಅದೇ ನಿಜವಾದ ಎತ್ತರ. ಕಂಬಗಳನ್ನೂ ಒಮ್ಮೆ ಹತ್ತಿರದಿಂದ ನೋಡಿ: ಕೆಳಗೆ ಮುರುವಿನ ಚಿಪ್ಪುಗಳ ಒರಟಾದ ಪಟ್ಟೆ, ಅದರ ಮೇಲೆ ಜಾರುವ ಹಸಿರು ಪಾಚಿ, ಅದಕ್ಕೂ ಮೇಲೆ ಬಿಳಿಚಿದ ಒಣ ಕಾಂಕ್ರೀಟು ಕಾಣುತ್ತದೆ. ಹಸಿ ಮತ್ತು ಒಣ ಭಾಗಗಳು ಕೂಡುವ ಗೆರೆಯು ನೀರು ದಿನಾಲೂ ಎಲ್ಲಿಯವರೆಗೆ ಏರುತ್ತದೆಂಬುದನ್ನು ಹೆಚ್ಚುಕಡಿಮೆ ಸರಿಯಾಗಿಯೇ ತಿಳಿಸುತ್ತದೆ.

ಈಗ ಮರಳಿನ ಚೀಲದ ವಿಷಯ. ನಿಮ್ಮ ದೋಣಿ ನೀರನ್ನು ಮುಟ್ಟುವ ಮಟ್ಟದಲ್ಲಿ ಉದ್ದ ಸುಮಾರು 6.7 ಮೀಟರ್, ಅಗಲ 1.9 ಮೀಟರ್ ಇದೆ ಎಂದುಕೊಳ್ಳೋಣ. ಮುಂಭಾಗ ಕೂರಾಗಿರುವುದರಿಂದ ನೀರಿನ ಮೇಲೆ ದೋಣಿ ಆಕ್ರಮಿಸುವ ಜಾಗ ಈ ಎರಡರ ಗುಣಲಬ್ಧದ ಮುಕ್ಕಾಲು ಪಾಲು, ಅಂದರೆ ಸುಮಾರು 9.5 ಚದರ ಮೀಟರ್. ಇಷ್ಟು ಜಾಗದ ದೋಣಿ ಒಂದು ಸೆಂಟಿಮೀಟರ್ ಇಳಿಯಬೇಕಾದರೆ 95 ಲೀಟರ್ ನೀರನ್ನು ಪಕ್ಕಕ್ಕೆ ತಳ್ಳಬೇಕು, ಎಂದರೆ ಸುಮಾರು 95 ಕಿಲೋ ಭಾರ ಹೇರಬೇಕು. ಬರಿಯ 10 ಸೆಂಟಿಮೀಟರ್ ತಗ್ಗಲು ಟನ್ನಿಗೆ ಹತ್ತಿರ ಹತ್ತಿರದ ಭಾರ ಬೇಕು. 40 ಕಿಲೋದ ಚೀಲಗಳಾದರೆ ಇಪ್ಪತ್ತನಾಲ್ಕು! ಅಷ್ಟು ಹೇರಿದ ಮೇಲೆ ಜನರಿಗೆ ಉಳಿಯುವುದೇನು? ದೋಣಿಯ ಬದಿಯ ಅಂಚು ನೀರಿಗೆ ಅಷ್ಟೇ ಹತ್ತಿರವಾಗುತ್ತದೆ, ತಳ ಕೆಸರಿಗೆ ತಾಗುತ್ತದೆ, ಎದುರಿನಿಂದ ಬಂದ ಇನ್ನೊಂದು ದೋಣಿ ಎಬ್ಬಿಸಿದ ಸಣ್ಣ ಅಲೆಯೂ ಒಳಗೆ ನುಗ್ಗುತ್ತದೆ. ಮರಳಿನ ಬದಲು ಡ್ರಮ್ಮುಗಳಲ್ಲಿ ನೀರು ತುಂಬಿಸುವ ಯೋಚನೆಯಿದ್ದರೆ ಅದನ್ನಂತೂ ಬಿಟ್ಟೇಬಿಡಿ: ಅರೆ ತುಂಬಿದ ಡ್ರಮ್ಮಿನ ನೀರು ದೋಣಿ ವಾಲಿದ ಕಡೆಗೇ ಹರಿದು ದೋಣಿಯನ್ನು ಇನ್ನಷ್ಟು ವಾಲಿಸುತ್ತದೆ.

ದೋಣಿಯನ್ನು ಇಳಿಸುವ ಕೆಲಸವನ್ನು ಕಡಲಿಗೇ ಬಿಡುವುದು ಮೇಲು. ನಮ್ಮ ಕರಾವಳಿಯಲ್ಲಿ ದಿನಕ್ಕೆ ಎರಡು ಸಲ ಭರತ, ಎರಡು ಸಲ ಇಳಿತ. ಎರಡೂ ಭರತಗಳು ಒಂದೇ ಎತ್ತರಕ್ಕೆ ಬರುವುದಿಲ್ಲ, ಹೊತ್ತು ಕೂಡ ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಹುಣ್ಣಿಮೆ, ಅಮಾವಾಸ್ಯೆಗಳ ಆಸುಪಾಸಿನಲ್ಲಿ ಕಡಲ ಬದಿಯಲ್ಲಿ ಏರಿಳಿತದ ಅಂತರ ಒಂದು ಮೀಟರನ್ನು ಮೀರುತ್ತದೆ, ಅಷ್ಟಮಿಯ ದಿನಗಳಲ್ಲಿ ಅಷ್ಟಿರುವುದಿಲ್ಲ. ಅಳಿವೆಯಿಂದ ಒಳಗೆ ಹೋದಂತೆ ಈ ಏರಿಳಿತ ತಡವಾಗಿ ತಲುಪುತ್ತದೆ, ಕಡಿಮೆಯೂ ಆಗುತ್ತದೆ. ಆದ್ದರಿಂದ ಬಂದರಿನ ಭರತ–ಇಳಿತದ ಪಟ್ಟಿಯನ್ನು ನೋಡಿ ಒಳಗಾಲುವೆಯ ಲೆಕ್ಕ ಹಾಕಿದರೆ ಹೊತ್ತು ತಪ್ಪುತ್ತದೆ. ನಿಮ್ಮದೇ ಕಡವಿನ ಕಂಬವೊಂದಕ್ಕೆ ಸೆಂಟಿಮೀಟರ್ ಗುರುತುಗಳಿರುವ ಪಟ್ಟಿಯನ್ನು ಹೊಡೆದು, ಕಂಬದಲ್ಲಿ ನೀರು ಇಂಥ ಗುರುತಿನಲ್ಲಿದ್ದಾಗ ಸೇತುವೆಯಡಿ ಎಷ್ಟು ಎತ್ತರವಿತ್ತು, ಕಾಲುವೆಯಲ್ಲಿ ಎಷ್ಟು ಆಳವಿತ್ತು ಎಂಬುದನ್ನು ಕೆಲವು ದಿನ ಬರೆದಿಟ್ಟುಕೊಳ್ಳಿ. ಆಮೇಲೆ ಕಡವಿನಲ್ಲಿ ನಿಂತು ಕಂಬವನ್ನು ನೋಡಿಯೇ ಹೊರಡಬಹುದೋ ಇಲ್ಲವೋ ಎಂದು ತೀರ್ಮಾನಿಸಬಹುದು. ಆಳವನ್ನೂ ಬರೆಯಿರಿ ಎಂದು ಒತ್ತಿ ಹೇಳುವುದಕ್ಕೆ ಕಾರಣವಿದೆ: ಚಾವಣಿಗೆ ಜಾಗ ಬಿಟ್ಟುಕೊಡುವ ಇಳಿತವೇ ತಳದ ಜಾಗವನ್ನು ಕಸಿದುಕೊಳ್ಳುತ್ತದೆ. ಪೂರ್ತಿ ಇಳಿತದಲ್ಲಿ ಪ್ರೊಪೆಲ್ಲರ್ ಕೆಸರು ಕಲಕತೊಡಗಿದರೆ ಎಂಜಿನ್ನಿಗೆ ತಂಪು ನೀರು ಎಳೆಯುವ ದಾರಿ ಕಟ್ಟಿಕೊಳ್ಳುತ್ತದೆ. ಎಂಜಿನ್ನನ್ನು ಸ್ವಲ್ಪ ಎತ್ತಿ ನಿಧಾನವಾಗಿ ಹೋಗಬಹುದಾದಷ್ಟು ಆಳ ಇರುವಾಗಲೇ ಸೇತುವೆ ದಾಟುವಂತಿರಬೇಕು.

ಚಾವಣಿಗೆ ಬರೋಣ. ಮೊದಲು ಅದರ ಮೇಲಿರುವುದನ್ನೆಲ್ಲ ಇಳಿಸಿ. ದೀಪದ ಕಂಬಕ್ಕೆ ಬುಡದಲ್ಲಿ ಕೀಲು ಹಾಕಿ, ಒಂದು ಪಿನ್ ತೆಗೆದೊಡನೆ ಹಿಂದಕ್ಕೆ ಮಲಗುವಂತೆ ಮಾಡಿಸಿ. ಸರ್ಚ್‌ಲೈಟನ್ನು ಚಾವಣಿಯ ಮೇಲಿನಿಂದ ತೆಗೆದು ಅಣಿಯದ, ಎಂದರೆ ದೋಣಿಯ ಮೂತಿಯ, ಬಳಿ ಕೂಡಿಸಿ. ಎಷ್ಟೋ ದೋಣಿಗಳಿಗೆ ಇಷ್ಟೇ ಸಾಕಾಗುತ್ತದೆ. ನಿಮಗೆ ಸಾಲದು, ಏಕೆಂದರೆ ತಾಗುತ್ತಿರುವುದು ಚಾವಣಿಯೇ ಎಂದು ನೀವು ಬರೆದಿದ್ದೀರಿ.

ನಿಮ್ಮ ಅಳತೆಯ ದೋಣಿಗೆ ನಾನು ಮೊದಲು ಸೂಚಿಸುವುದು ಫೈಬರ್ ಚಾವಣಿಯನ್ನೇ ತೆಗೆದು, ಸ್ಟೇನ್‌ಲೆಸ್ ಸ್ಟೀಲ್ ಪೈಪಿನ ಬಿಲ್ಲುಗಳ ಮೇಲೆ ದಪ್ಪ ಕ್ಯಾನ್ವಾಸ್ ಹೊದಿಸಿದ, ಕೊಡೆಯಂತೆ ಮಡಚಿ ಹಿಂದಕ್ಕೆ ಒರಗಿಸಬಹುದಾದ ಹೊದಿಕೆಯನ್ನು. ಅದು ಹಗುರ, ಇಬ್ಬರು ಸೇರಿ ಕೆಲವೇ ನಿಮಿಷಗಳಲ್ಲಿ ಮಡಚಬಹುದು, ಮೇಲಿನ ಭಾರ ಕಡಿಮೆಯಾಗಿ ದೋಣಿಯ ಸ್ಥಿರತೆಯೂ ಹೆಚ್ಚುತ್ತದೆ. ಆದರೆ ಚಾವಣಿಯ ಪೈಪುಗಳು ದೋಣಿಯ ಎರಡೂ ಬದಿಗಳನ್ನು ಬಿಗಿಯಾಗಿ ಹಿಡಿದಿಡುವ ಕೆಲಸವನ್ನೂ ಮಾಡುತ್ತಿರಬಹುದು. ತೆಗೆಯುವ ಮುನ್ನ ದೋಣಿ ಕಟ್ಟಿದವರನ್ನು ಕೇಳಿ, ಬೇಕಾದರೆ ಆಸನದ ಮಟ್ಟದಲ್ಲಿ ಒಂದು ಅಡ್ಡತೊಲೆ ಕೂಡಿಸಿಕೊಳ್ಳಿ.

ಜಡಿಮಳೆಗೆ ಗಟ್ಟಿ ಚಾವಣಿಯೇ ಬೇಕೆಂದಾದರೆ ಅದನ್ನು ಹಿಂದಕ್ಕೆ ವಾಲಿಸುವ ವ್ಯವಸ್ಥೆ ಮಾಡಿಸಬಹುದು. ಆರೂ ಕಂಬಗಳಿಗೆ ಬುಡದಲ್ಲೊಂದು, ತಲೆಯಲ್ಲೊಂದು ಕೀಲು ಹಾಕಿ, ಆರೂ ಒಂದೇ ಉದ್ದವಿರುವಂತೆ ನೋಡಿಕೊಂಡರೆ, ಚಾವಣಿ ಸಮತಲವಾಗಿಯೇ ಉಳಿದು ಹಿಂದಕ್ಕೂ ಕೆಳಕ್ಕೂ ಸರಿಯುತ್ತದೆ. ಇಲ್ಲಿ ವೆಲ್ಡಿಂಗ್‌ನವರು ಗಮನಿಸಬೇಕಾದ ಲೆಕ್ಕವೊಂದಿದೆ. ಕೀಲಿನಿಂದ ಕೀಲಿಗೆ ಕಂಬ 1.4 ಮೀಟರ್ ಇದ್ದರೆ, 30 ಡಿಗ್ರಿ ವಾಲಿಸಿದಾಗ ಚಾವಣಿ ತಗ್ಗುವುದು 19 ಸೆಂಟಿಮೀಟರ್ ಮಾತ್ರ. 45 ಡಿಗ್ರಿಯಲ್ಲಿ 41, 60 ಡಿಗ್ರಿಯಲ್ಲಿ 70 ಸೆಂಟಿಮೀಟರ್. ಮೊದಮೊದಲು ಚಾವಣಿ ಹಿಂದಕ್ಕೆ ಬಹಳ ಸರಿದು ಕೆಳಕ್ಕೆ ಸ್ವಲ್ಪವೇ ಇಳಿಯುತ್ತದೆ. 45 ಡಿಗ್ರಿಯಲ್ಲಿ ಅದು ಸುಮಾರು ಒಂದು ಮೀಟರ್ ಹಿಂದಕ್ಕೆ ಬಂದಿರುತ್ತದೆ. ಅಲ್ಲಿ ಎಂಜಿನ್ನಿನ ತಲೆ ಇದೆಯೇ, ಚುಕ್ಕಾಣಿ ಹಿಡಿದವರು ಕುಳಿತುಕೊಳ್ಳಲು ಜಾಗ ಉಳಿಯುತ್ತದೆಯೇ ಎಂಬುದನ್ನು ಕೆಲಸಕ್ಕೆ ಕೈ ಹಾಕುವ ಮೊದಲೇ ಕಾಗದದ ಮೇಲೆ ಬರೆದು ನೋಡಬೇಕು.

ಚಾವಣಿಯನ್ನು ಮುಂದಕ್ಕೆ ವಾಲಿಸುವಂತೆ ಮಾಡಲೇಬಾರದು. ಹಿಂದಕ್ಕೆ ವಾಲಿದ ಕಂಬಗಳಿದ್ದಾಗ ಚಾವಣಿಯ ಅಂಚು ಸೇತುವೆಗೆ ತಾಗಿದರೆ, ತಳ್ಳಿದ ಬಲ ಅದನ್ನು ಇನ್ನಷ್ಟು ಕೆಳಕ್ಕೆ ಒತ್ತುತ್ತದೆ. ಮುಂದಕ್ಕೆ ವಾಲಿದ್ದರೆ ಅದೇ ಬಲ ಚಾವಣಿಯನ್ನು ಮೇಲೆತ್ತಿ ಸೇತುವೆಯಡಿ ಬೆಣೆ ಹೊಡೆದಂತೆ ಸಿಕ್ಕಿಸುತ್ತದೆ. ಹಿಂದಕ್ಕೆ ವಾಲುವಾಗಲೂ ಚಾವಣಿ ಒಮ್ಮೆಲೇ ಕುಸಿಯದಂತೆ ಹಗ್ಗ ಮತ್ತು ರಾಟೆಯಿಂದಲೋ ಗ್ಯಾಸ್ ಸ್ಪ್ರಿಂಗಿನಿಂದಲೋ ಹಿಡಿದಿಡಬೇಕು, ಎಷ್ಟು ಬೇಕೋ ಅಷ್ಟಕ್ಕೆ ನಿಲ್ಲಿಸುವ ಗಟ್ಟಿಯಾದ ಆನಿಕೆ ಇರಬೇಕು. ಕೀಲಿನ ಸಂದಿಗೆ ಬೆರಳು ಸಿಕ್ಕಿಕೊಳ್ಳುವುದು ಬಲುಬೇಗ, ಅದರಲ್ಲೂ ಮಕ್ಕಳ ಬೆರಳು. ಒಂದರೊಳಗೊಂದು ಜಾರುವ ಪೈಪುಗಳನ್ನು ಹಾಕಿಸುವವರೂ ಇದ್ದಾರೆ. ಉಪ್ಪುನೀರಿನಲ್ಲಿ ನಾನು ಅದನ್ನು ಒಪ್ಪುವುದಿಲ್ಲ. ಉಪ್ಪೂ ಮರಳೂ ಸೇರಿ ಒಳಪೈಪು ಕಚ್ಚಿಕೊಂಡರೆ ಚಾವಣಿಯ ಒಂದು ಮೂಲೆ ಇಳಿದು ಇನ್ನೊಂದು ಮೇಲೆಯೇ ಉಳಿಯುತ್ತದೆ.

ಕೀಲು, ಪಿನ್ನು, ಬೋಲ್ಟುಗಳೆಲ್ಲ 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲಿನವೇ ಆಗಿರಲಿ, 304 ದರ್ಜೆಯದಕ್ಕಿಂತ ಅದು ಉಪ್ಪಿಗೆ ಹೆಚ್ಚು ತಡೆಯುತ್ತದೆ. ಅಲ್ಯೂಮಿನಿಯಂ ಮತ್ತು ಸ್ಟೀಲು ಕೂಡುವಲ್ಲಿ ನಡುವೆ ನೈಲಾನ್ ವಾಷರ್ ಇಡದಿದ್ದರೆ ಅಲ್ಯೂಮಿನಿಯಂ ಬಿಳಿಪುಡಿಯಾಗಿ ಸವೆಯುತ್ತದೆ. ಫೈಬರಿನಲ್ಲಿ ಕೊರೆದ ಪ್ರತಿಯೊಂದು ತೂತಿಗೂ ನೀರಿಳಿಯದಂತೆ ಸೀಲಂಟ್ ಹಚ್ಚಿಸಿ. ಪಿನ್ನುಗಳಿಗೆಲ್ಲ ಸಣ್ಣ ದಾರ ಕಟ್ಟಿಡಿ, ಇಲ್ಲವಾದರೆ ಕೈ ಜಾರಿದ ಪಿನ್ನು ನೇರ ಹೊಳೆಗೆ ಬೀಳುತ್ತದೆ.

ಸೇತುವೆ ದಾಟುವಾಗ ಚಾವಣಿಗೂ ತೊಲೆಗೂ ನಡುವೆ ಕಡಿಮೆಯೆಂದರೂ ಒಂದು ಗೇಣು ಬಿಡುವಿರಬೇಕು. ಅಣಿಯದಲ್ಲಿ ಒಂದು ತೆಳುವಾದ ಬಿದಿರಿನ ಕಡ್ಡಿಯನ್ನು ಚಾವಣಿಗಿಂತ ನಾಲ್ಕು ಬೆರಳು ಎತ್ತರಕ್ಕೆ ನಿಲ್ಲಿಸಿದರೆ, ಚಾವಣಿ ತಾಗುವ ಮೊದಲು ಕಡ್ಡಿ ತೊಲೆಯನ್ನು ಕೆರೆದು ಎಚ್ಚರಿಸುತ್ತದೆ. ಆ ಹೊತ್ತಿಗೆ ದೋಣಿಯನ್ನು ನಿಲ್ಲಿಸಲು ಸಾಧ್ಯವಾಗುವಷ್ಟು ನಿಧಾನವಾಗಿ ಹೋಗುತ್ತಿರಬೇಕು. ಎಂಜಿನ್ನಿಗೆ ವೇಗ ಕೊಟ್ಟರೆ ಮೂತಿ ಮೇಲೇಳುತ್ತದೆ, ಚಾವಣಿಯ ಮುಂದಿನ ಅಂಚೂ ಅದರೊಂದಿಗೆ ಏರುತ್ತದೆ. ಸೆಳವಿಗೆ ಎದುರಾಗಿ ದಾಟಿದರೆ ಚುಕ್ಕಾಣಿ ಮಾತು ಕೇಳುತ್ತದೆ, ಅಳುಕಿದಲ್ಲಿ ದೋಣಿಯನ್ನು ನಿಲ್ಲಿಸಿಕೊಳ್ಳಲೂಬಹುದು. ಸೆಳವಿನ ಜೊತೆಗೆ ಹೋದರೆ ನೀರೇ ನಿಮ್ಮನ್ನು ಸೇತುವೆಯಡಿಗೆ ನೂಕುತ್ತದೆ. ಜನರು ಕುಳಿತೇ ಇರಲಿ, ಲೈಫ್ ಜಾಕೆಟ್ ತೊಟ್ಟಿರಲಿ. ಸೇತುವೆಯನ್ನು ಕೈಯಿಂದ ದೂಡುವ ಅಭ್ಯಾಸ ಹಲವರಿಗಿದೆ. ಅದು ಬೇಡ, ಆ ಕೆಲಸಕ್ಕೆ ಜಲ್ಲೆ ಇದೆ. ದಾಟಿದ ಮೇಲೆ ದೀಪದ ಕಂಬವನ್ನು ಎತ್ತುವ ಮೊದಲು ಒಮ್ಮೆ ತಲೆಯೆತ್ತಿ ನೋಡಿ: ಕಾಲುವೆಗೆ ಅಡ್ಡಲಾಗಿ ವಿದ್ಯುತ್ ತಂತಿ ಹಾದುಹೋಗಿದ್ದರೆ ಅಲ್ಲಿ ಲೋಹದ ಕಂಬವನ್ನು ಎತ್ತುವುದು ಪ್ರಾಣಕ್ಕೇ ಅಪಾಯ.

ಮಳೆಗಾಲದಲ್ಲಿ ಮಾತ್ರ ಈ ಲೆಕ್ಕಗಳನ್ನು ನೆಚ್ಚಬೇಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತೇಜಸ್ವಿನಿಯಂಥ ಹೊಳೆಗಳ ಕೆಂಪು ನೀರು ಹಿನ್ನೀರಿಗೆ ಇಳಿಯುವಾಗ ಇಳಿತದ ಹೊತ್ತಿನಲ್ಲೂ ಮಟ್ಟ ತಗ್ಗದಿರಬಹುದು, ತೇಲಿ ಬರುವ ಮರದ ದಿಮ್ಮಿಗಳೂ ಇರುತ್ತವೆ. ಆ ದಿನಗಳಲ್ಲಿ ತೋಟಕ್ಕೆ ರಸ್ತೆಯಿಂದಲೇ ಹೋಗಿ.

ಪ್ರಶ್ನೆ: ದೋಣಿಯ ಗಟ್ಟಿ ಚಾವಣಿಯನ್ನು ಖಾಯಂ ಆಗಿ ತಗ್ಗಿಸಿ, ಸೇತುವೆ ಇಲ್ಲದ ಕಡೆಗಳಲ್ಲಿ ಅದರ ಮೇಲೆಯೇ ನಾಲ್ಕೈದು ಜನ ಕೂರುವಂತೆ ಮಾಡಿದರೆ ಜಾಗದ ಕೊರತೆ ನೀಗುವುದಿಲ್ಲವೇ? ಇದಕ್ಕೆ ಯಾರ ಅನುಮತಿ ಬೇಕು? — ಕುಂಬಳೆಯ ಓದುಗರು

ಉತ್ತರ: ಕೂರಿಸಬೇಡಿ. ನೀರಿನ ಮಟ್ಟದಿಂದ ಮೇಲಕ್ಕೆ ಹೋದ ಪ್ರತಿಯೊಂದು ಕಿಲೋ ಭಾರವೂ ದೋಣಿಯನ್ನು ಮಗುಚುವ ಕಡೆಗೆ ಎಳೆಯುತ್ತದೆ. ಆ ಭಾರ ಎದ್ದು ಓಡಾಡುವ ಮನುಷ್ಯರದ್ದಾದರೆ ಇನ್ನೂ ಅಪಾಯ. 2009ರ ಸೆಪ್ಟೆಂಬರ್ 30ರಂದು ತೇಕ್ಕಡಿಯ ಸರೋವರದಲ್ಲಿ ಎರಡು ಅಂತಸ್ತಿನ ಪ್ರವಾಸಿ ದೋಣಿ ಮಗುಚಿ 45 ಜನ ತೀರಿಕೊಂಡರು. 2023ರ ಮೇ 7ರಂದು ಮಲಪ್ಪುರಂ ಜಿಲ್ಲೆಯ ತಾನೂರಿನಲ್ಲಿ 22 ಜನ ಜೀವ ಕಳೆದುಕೊಂಡ ದೋಣಿ ಕೂಡ ಎರಡು ಅಂತಸ್ತಿನದು. ಮೀನುಗಾರಿಕೆಯ ದೋಣಿಯನ್ನು ಪ್ರವಾಸಿಗಳಿಗಾಗಿ ಮಾರ್ಪಡಿಸಿ, ಅದರಲ್ಲಿ ಮಿತಿ ಮೀರಿ ಜನರನ್ನು ಹತ್ತಿಸಲಾಗಿತ್ತು. ನಮ್ಮ ಹಿನ್ನೀರಿನಲ್ಲಿ ಅಂಥದು ನಡೆಯಬಾರದು.

ಅನುಮತಿಯ ವಿಷಯ: 1917ರ ಹಳೆಯ ಕಾಯ್ದೆಯ ಜಾಗಕ್ಕೆ ಈಗ 2021ರ ಒಳನಾಡು ಹಡಗುಗಳ ಕಾಯ್ದೆ ಬಂದಿದೆ. ನೋಂದಣಿಯಾದ ದೋಣಿಯ ರಚನೆಯನ್ನು ಬದಲಾಯಿಸಿದರೆ ಅದನ್ನು ನೋಂದಣಿ ಅಧಿಕಾರಿಗಳಿಗೆ ತಿಳಿಸಬೇಕು. ಕೇರಳದಲ್ಲಿ ಈ ಕೆಲಸ ಮಾರಿಟೈಮ್ ಬೋರ್ಡಿನ ವ್ಯಾಪ್ತಿಗೆ ಸೇರುತ್ತದೆ. ಕ್ಯಾನ್ವಾಸ್ ಹೊದಿಕೆಯಂಥ ಸಣ್ಣ ಬದಲಾವಣೆಯಾದರೂ ಸರಿ, ಕೆಲಸ ಶುರುಮಾಡುವ ಮುನ್ನ ಸರ್ವೇಯರ್ ಅವರಿಗೆ ಚಿತ್ರ ತೋರಿಸಿ ಕೇಳಿಕೊಳ್ಳುವುದು ಒಳಿತು.

ಪ್ರಶ್ನೆ: ಕಾಲುವೆಗಳು ಹೆಚ್ಚಾಗಿರುವ ಬೇರೆ ದೇಶಗಳಲ್ಲಿ ಈ ತೊಂದರೆಯನ್ನು ಹೇಗೆ ನಿಭಾಯಿಸುತ್ತಾರೆ? — ಮೊಗ್ರಾಲಿನ ಓದುಗರು

ಉತ್ತರ: ಯುರೋಪಿನ ರೈನ್ ನದಿಯ ದೊಡ್ಡ ಸರಕು ದೋಣಿಗಳಲ್ಲಿ ಚಾಲಕರು ಕೂರುವ ಕೋಣೆಯನ್ನೇ ಹೈಡ್ರಾಲಿಕ್ ಕಂಬದ ಮೇಲೆ ನಿಲ್ಲಿಸಿರುತ್ತಾರೆ; ಸೇತುವೆ ಬಂದಾಗ ಇಡೀ ಕೋಣೆ ಕೆಳಗಿಳಿಯುತ್ತದೆ. ಅವು ಭಾರಕ್ಕಾಗಿ ನೀರು ತುಂಬಿಸಿಕೊಳ್ಳುವುದೂ ಉಂಟು, ಆದರೆ ಅದಕ್ಕೆಂದೇ ಮುಚ್ಚಿದ ತೊಟ್ಟಿಗಳೂ ಪಂಪುಗಳೂ ಅವುಗಳಲ್ಲಿವೆ. ಅದನ್ನು ನೋಡಿ ನಾವು ಫೈಬರ್ ದೋಣಿಯಲ್ಲಿ ಡ್ರಮ್ಮು ಇಡುವಂತಿಲ್ಲ. ಇಂಗ್ಲೆಂಡಿನ ನಾರ್ಫೋಕ್ ಬ್ರಾಡ್ಸ್ ಎಂಬ ಜಲಪ್ರದೇಶದಲ್ಲಿ ಹಿಂದೆ ಸರಕು ಸಾಗಿಸುತ್ತಿದ್ದ ಹಾಯಿದೋಣಿಗಳ ಕೂವೆಮರದ ಬುಡಕ್ಕೆ ಪ್ರತಿಭಾರ ಕೂಡಿಸಿ, ಅದನ್ನು ಸುಲಭವಾಗಿ ಮಲಗಿಸಿ ಎತ್ತುವಂತೆ ಮಾಡಿದ್ದರು. ಅಲ್ಲಿನ ಪಾಟರ್ ಹೈಅಮ್ ಎಂಬಲ್ಲಿ ಮಧ್ಯಯುಗದ ಕಲ್ಲಿನ ಕಮಾನು ಸೇತುವೆಯೊಂದಿದ್ದು, ಬಾಡಿಗೆಯ ದೋಣಿಗಳನ್ನು ಸ್ಥಳೀಯ ಪೈಲಟ್ ಮಾತ್ರ ಅದರಡಿ ದಾಟಿಸಬಹುದು, ಮಟ್ಟ ಹೆಚ್ಚಿದ್ದರೆ ಅವರೂ ದಾಟಿಸುವುದಿಲ್ಲ. ಆ ಪ್ರದೇಶದಲ್ಲಿ ಸೇತುವೆಗಳ ಬಳಿ, ಆ ಕ್ಷಣದಲ್ಲಿ ನೀರಿನ ಮೇಲೆ ಎಷ್ಟು ಎತ್ತರ ಉಳಿದಿದೆಯೆಂದು ತೋರಿಸುವ ಅಂಕಪಟ್ಟಿಗಳನ್ನು ನೀರಿನಲ್ಲೇ ನಿಲ್ಲಿಸಿರುತ್ತಾರೆ. ಇದು ನಮ್ಮಲ್ಲಿಯೂ ಆಗಬೇಕಾದ ಕೆಲಸ, ಹೆಚ್ಚು ಖರ್ಚಿನದೂ ಅಲ್ಲ.

ಪ್ರಶ್ನೆ: ದೋಣಿಯನ್ನು ತಗ್ಗಿಸುವ ಬದಲು ಸೇತುವೆಗಳನ್ನೇ ಎತ್ತರಿಸುವಂತೆ ಕೇಳಬಾರದೇ? — ಮಂಜೇಶ್ವರದ ಓದುಗರು

ಉತ್ತರ: ಕೇಳಬಹುದು, ಕೇಳಲೂಬೇಕು. ಕೊಲ್ಲಂನಿಂದ ಕೋಟ್ಟಪ್ಪುರಂವರೆಗಿನ ಪಶ್ಚಿಮ ಕರಾವಳಿ ಕಾಲುವೆಯನ್ನು 1993ರಲ್ಲಿ 3ನೇ ರಾಷ್ಟ್ರೀಯ ಜಲಮಾರ್ಗವೆಂದು ಘೋಷಿಸಲಾಯಿತು. 2016ರ ಕಾಯ್ದೆ ಅದನ್ನು ಕೋಝಿಕ್ಕೋಡಿನವರೆಗೆ ವಿಸ್ತರಿಸಿತು. ಆ ಕೋಟ್ಟಪ್ಪುರಂ ತ್ರಿಶೂರು ಜಿಲ್ಲೆಯದು, ನಮ್ಮ ನೀಲೇಶ್ವರದ ಕೋಟ್ಟಪ್ಪುರಂ ಅಲ್ಲ. ಕೇರಳ ಸರಕಾರದ ಜಲಮಾರ್ಗ ಯೋಜನೆ ಕೋವಳಂನಿಂದ ಬೇಕಲದವರೆಗೆ, 616 ಕಿಲೋಮೀಟರ್ ಉದ್ದದ್ದು. ಅಂಥ ಮಾರ್ಗದಲ್ಲಿ ದೋಣಿಗಳಿಗೆ ಅಡ್ಡಿಯಾಗುವ ತಗ್ಗು ಸೇತುವೆಗಳನ್ನು ಬದಲಾಯಿಸಲೇಬೇಕಾಗುತ್ತದೆ. ಆದರೆ ಯೋಜನೆ ಬೇಕಲದಲ್ಲಿ ನಿಲ್ಲುವುದರಿಂದ, ಅಲ್ಲಿಂದ ಉತ್ತರಕ್ಕಿರುವ ಚಂದ್ರಗಿರಿ, ಮೊಗ್ರಾಲ್, ಶಿರಿಯ, ಉಪ್ಪಳ ಹೊಳೆಗಳ ಕಡೆಯವರು ತಮ್ಮ ಬೇಡಿಕೆಯನ್ನು ತಾವೇ ಮುಂದಿಡಬೇಕು.

ಸೇತುವೆಯನ್ನು ಎತ್ತರಿಸುವುದೆಂದರೆ ಎರಡೂ ಕಡೆಯ ರಸ್ತೆಯನ್ನು ಏರಿಸಬೇಕು, ಅದಕ್ಕೆ ಪಕ್ಕದ ಮನೆ, ತೋಟಗಳ ಜಾಗ ಬೇಕು. ಸಣ್ಣ ಕಾಲುವೆಯಲ್ಲಿ ಇದೇ ದೊಡ್ಡ ತಡೆ. ಜಾಗವಿಲ್ಲದಲ್ಲಿ ಏರುವ ಸೇತುವೆ ಕಟ್ಟುವುದುಂಟು. ತಮಿಳುನಾಡಿನ ಪಂಬನ್‌ನಲ್ಲಿ 2025ರ ಏಪ್ರಿಲ್‌ನಲ್ಲಿ ಉದ್ಘಾಟನೆಯಾದ ರೈಲು ಸೇತುವೆಯ 72.5 ಮೀಟರ್ ಉದ್ದದ ಅಂಕಣ ಹಾಗೆಯೇ 17 ಮೀಟರ್ ಮೇಲೇರಿ ಹಡಗುಗಳಿಗೆ ದಾರಿ ಬಿಡುತ್ತದೆ. ಪಂಚಾಯತಿನ ಕಾಲುವೆಗೆ ಅಷ್ಟು ದೊಡ್ಡ ಯಂತ್ರವನ್ನು ನಿರೀಕ್ಷಿಸಲಾಗದು.

ಹಳೆಯ ಕಿರುಸೇತುವೆಯನ್ನು ಕೆಡವಿ ಹೊಸದು ಕಟ್ಟುವ ಪ್ರಸ್ತಾಪ ಬಂದಾಗಲೇ ಮನವಿ ಕೊಡುವುದು ಫಲಕಾರಿ, ಏಕೆಂದರೆ ನಕ್ಷೆ ಒಪ್ಪಿಗೆಯಾದ ಮೇಲೆ ಒಂದು ಗೇಣನ್ನೂ ಏರಿಸುವುದು ಕಷ್ಟ. ಮನವಿಯಲ್ಲಿ ಬರೇ ತೊಂದರೆಯಾಗುತ್ತಿದೆ ಎಂದು ಬರೆದರೆ ಸಾಲದು. ಹುಣ್ಣಿಮೆಯ ಭರತದಲ್ಲಿ ನೀರಿನಿಂದ ತೊಲೆಯವರೆಗೆ ಎಷ್ಟು ಎತ್ತರವಿದೆ, ಇಳಿತದಲ್ಲಿ ಎಷ್ಟಿದೆ, ಕಂಬಗಳ ನಡುವಿನ ಅಗಲವೆಷ್ಟು, ಆ ದಾರಿಯಲ್ಲಿ ಓಡಾಡುವ ದೋಣಿಗಳು ಎಷ್ಟು, ಅವುಗಳ ಎತ್ತರವೆಷ್ಟು ಎಂಬುದನ್ನು ಅಳೆದ ದಿನಾಂಕ ಸಮೇತ ಬರೆಯಿರಿ. ನೀರಿನ ಪೈಪು, ಕೇಬಲ್ಲುಗಳನ್ನು ತೊಲೆಯ ಅಡಿಗೆ ನೇತುಹಾಕದೆ ಬದಿಗೆ ಕೂಡಿಸಬೇಕೆಂಬ ಕೋರಿಕೆಯನ್ನೂ ಅದರಲ್ಲಿಯೇ ಸೇರಿಸಿ.